ಲೂಪಸ್ ರೋಗ ಮತ್ತು ಹೆಣ್ಣುಮಕ್ಕಳ ತಿಂಗಳ ಲೆಕ್ಕ

ಆರೋಗ್ಯವೇ ಭಾಗ್ಯವೆಂಬ ಮಾತನ್ನು ನಾವು ಒಂದನೆಯ ತರಗತಿಯಿಂದಲೇ ಮಕ್ಕಳಿಗೆ ಕಲಿಸುತ್ತೇವೆ; ಶಾಲೆಯ ಗೋಡೆಯ ಮೇಲೂ ಬರೆಸುತ್ತೇವೆ. ಆದರೆ ಆರೋಗ್ಯ ಕೆಟ್ಟಾಗ ಅದನ್ನು ಯಾವ ಮಾತಿನಲ್ಲಿ ಹೇಳಬೇಕೆಂಬುದನ್ನು ಕಲಿಸುವುದು ಕಡಮೆ. ಹಲ್ಲುನೋವು, ಜ್ವರ, ಕೆಮ್ಮುಗಳನ್ನು ಹೇಳಲು ಯಾರೂ ಅಂಜುವುದಿಲ್ಲ. ಹೆಣ್ಣುಮಕ್ಕಳ ತಿಂಗಳ ಮುಟ್ಟಿನ ವಿಷಯ ಬಂದಾಗ ಮಾತ್ರ ಮನೆಯಲ್ಲೂ ಶಾಲೆಯಲ್ಲೂ ಸ್ವರ ತಗ್ಗುತ್ತದೆ. ಹಾಗೆಯೇ, ವರ್ಷಗಟ್ಟಲೆ ಮದ್ದು ಬೇಕಾಗುವ ರೋಗವೊಂದು ಮಗಳಿಗೆ ಬಂದರೆ, ನಾಳೆ ಮದುವೆಯ ಮಾತು ಬರುವಾಗ ಏನಾದೀತೋ ಎಂದು ಹೆತ್ತವರು ಅದನ್ನೂ ಮುಚ್ಚಿಡುವುದುಂಟು. ಲೂಪಸ್ ಎಂಬ ರೋಗವುಳ್ಳ ಹುಡುಗಿಯ ಪಾಲಿಗೆ ಈ ಎರಡು ಮೌನಗಳೂ ಒಟ್ಟಿಗೆ ಬರುತ್ತವೆ. ಅದರಿಂದ ಅವಳಿಗೆ ಆಗುವ ಕೇಡು ಸಣ್ಣದಲ್ಲ.

ವಿಜ್ಞಾನದ ಅಧ್ಯಾಪಕರಿರುವಾಗ ಕನ್ನಡ ಕಲಿಸುವ ನಾವೇಕೆ ಇದನ್ನು ಬರೆಯಬೇಕೆಂದು ಓದುಗರು ಕೇಳಬಹುದು. ವಿಷಯ ಪಠ್ಯಪುಸ್ತಕದಲ್ಲಿದೆ, ಅದನ್ನು ಹೇಳುವ ಮಾತು ಮಕ್ಕಳ ಬಾಯಲ್ಲಿಲ್ಲ. ಮಾತನ್ನು ಒದಗಿಸುವುದು ಭಾಷೆಯ ಅಧ್ಯಾಪಕರ ಕೆಲಸವಷ್ಟೆ. ಅದರಲ್ಲೂ ನಮ್ಮ ಕಾಸರಗೋಡಿನ ಮಕ್ಕಳಿಗೆ ಮನೆಯಲ್ಲಿ ತುಳು, ಕೊಂಕಣಿ ಯಾ ಬ್ಯಾರಿ, ಶಾಲೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಮಲೆಯಾಳ ಯಾ ಇಂಗ್ಲಿಷು. ನಾಚಿಕೆಯ ಮಾತೊಂದು ಇಷ್ಟು ಭಾಷೆಗಳನ್ನು ದಾಟಿ ವೈದ್ಯರ ಕಿವಿಗೆ ತಲಪುವಷ್ಟರಲ್ಲಿ ದಾರಿಯಲ್ಲೇ ಬಿದ್ದುಹೋಗುತ್ತದೆ. ಹಾಗೆ ಬಿದ್ದುಹೋಗದಂತೆ ಮಾಡುವುದೇ ಈ ಬರಹದ ಉದ್ದೇಶ. ಇದು ವೈದ್ಯರ ಸಲಹೆಯ ಬದಲಿಗೆ ಅಲ್ಲ. ವೈದ್ಯರೊಡನೆ ಮಾತಾಡಲು ಒಂದು ಸಿದ್ಧತೆ ಮಾತ್ರ.

ಲೂಪಸ್ ಎಂದರೇನು?

ಲೂಪಸ್ ಎಂಬುದು ಲ್ಯಾಟಿನ್ ಮಾತು. ತೋಳ ಎಂದು ಅದರ ಅರ್ಥ. ಮುಖದ ಚರ್ಮವನ್ನು ತೋಳ ಕಚ್ಚಿದಂತೆ ಕೆಡಿಸುವ ಹುಣ್ಣುಗಳನ್ನು ಹಿಂದಿನ ಕಾಲದ ಯುರೋಪಿನ ವೈದ್ಯರು ಈ ಹೆಸರಿನಿಂದ ಕರೆದರು. ಇಂದು ನಾವು ಹೇಳುವ ಲೂಪಸ್ ಚರ್ಮಕ್ಕೆ ಮಾತ್ರ ಸೀಮಿತವಾದ ರೋಗವಲ್ಲ. ಕೀಲು, ಮೂತ್ರಪಿಂಡ, ರಕ್ತ, ಹೃದಯ, ಶ್ವಾಸಕೋಶ, ಮಿದುಳು ಇವುಗಳಲ್ಲಿ ಯಾವುದನ್ನೂ ಅದು ಬಾಧಿಸಬಹುದು.

ನಮ್ಮ ಶರೀರದಲ್ಲಿ ರೋಗಾಣುಗಳನ್ನು ಎದುರಿಸುವ ಒಂದು ಕಾವಲು ವ್ಯವಸ್ಥೆಯಿದೆ. ಹೊರಗಿನಿಂದ ಬಂದ ಶತ್ರುವನ್ನು ಗುರುತಿಸಿ ನಾಶಮಾಡುವುದು ಅದರ ಕೆಲಸ. ಲೂಪಸ್‌ನಲ್ಲಿ ಈ ಕಾವಲುಗಾರನಿಗೆ ಮನೆಯವರು ಯಾರು, ಕಳ್ಳರು ಯಾರು ಎಂಬ ಗುರುತೇ ತಪ್ಪಿಹೋಗುತ್ತದೆ. ತನ್ನ ಶರೀರದ ಜೀವಕೋಶಗಳ ಮೇಲೆಯೇ ಅದು ದಾಳಿ ಮಾಡುತ್ತದೆ. ಆದುದರಿಂದ ಇದು ಅಂಟುರೋಗವಲ್ಲ. ಒಂದೇ ಬೆಂಚಿನಲ್ಲಿ ಕುಳಿತರೆ, ಒಂದೇ ಲೋಟದಲ್ಲಿ ನೀರು ಕುಡಿದರೆ ಬರುವುದಿಲ್ಲ. ಯಾರದೋ ದೃಷ್ಟಿ ತಾಗಿದುದರಿಂದಾಗಲಿ, ಹೆತ್ತವರ ತಪ್ಪಿನಿಂದಾಗಲಿ ಬರುವುದೂ ಅಲ್ಲ.

ಲಕ್ಷಣಗಳು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಮೂಗಿನ ಮೇಲಿಂದ ಎರಡೂ ಕೆನ್ನೆಗಳಿಗೆ ಚಿಟ್ಟೆಯ ರೆಕ್ಕೆಯಂತೆ ಹರಡುವ ಕೆಂಪು, ಬಿಸಿಲಿಗೆ ಹೋದಾಗ ಅದು ಹೆಚ್ಚುವುದು, ಬೆರಳಿನ ಗಂಟುಗಳಲ್ಲಿ ನೋವು ಮತ್ತು ಬಾವು, ಬಿಡದೆ ಬರುವ ಜ್ವರ, ಬಾಯಲ್ಲಿ ನೋವಿಲ್ಲದ ಹುಣ್ಣು, ಕೂದಲು ಉದುರುವುದು, ಎಷ್ಟು ಮಲಗಿದರೂ ತೀರದ ದಣಿವು, ಬೆಳಗ್ಗೆ ಎದ್ದಾಗ ಕಣ್ಣಿನ ಸುತ್ತ ಮತ್ತು ಕಾಲಿನಲ್ಲಿ ನೀರು ತುಂಬಿದಂತೆ ಊತ. ಇವುಗಳಲ್ಲಿ ಕೆಲವು ಒಟ್ಟಾಗಿ ಕಂಡುಬಂದರೆ ವೈದ್ಯರು ರಕ್ತ ಮತ್ತು ಮೂತ್ರದ ಪರೀಕ್ಷೆಗಳಿಂದ ನಿರ್ಣಯಿಸುತ್ತಾರೆ. ಮಕ್ಕಳಲ್ಲಿ ಆರಂಭವಾಗುವ ಲೂಪಸ್ ದೊಡ್ಡವರ ಲೂಪಸ್‌ಗಿಂತ ಹೆಚ್ಚು ಕಠಿನವಾಗಿರುತ್ತದೆ. ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಮೂತ್ರಪಿಂಡಕ್ಕೂ ತಾಗುತ್ತದೆ.

ಇಷ್ಟನ್ನು ಓದಿ ಯಾರೂ ಎದೆಗುಂದಬೇಕಾಗಿಲ್ಲ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಹಾರ್ಗ್ರೇವ್ಸ್ ಮತ್ತು ಸಂಗಡಿಗರು ಈ ರೋಗವನ್ನು ಗುರುತಿಸುವ ವಿಶಿಷ್ಟ ಜೀವಕೋಶವನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಅದೇ ವರ್ಷ ಅದೇ ಆಸ್ಪತ್ರೆಯಲ್ಲಿ ಕೀಲುವಾತದ ರೋಗಿಯೊಬ್ಬರಿಗೆ ಕಾರ್ಟಿಸೋನ್ ಎಂಬ ಮದ್ದನ್ನು ಮೊದಲ ಬಾರಿಗೆ ಕೊಡಲಾಯಿತು. ಆ ಕೆಲಸಕ್ಕೆ 1950ರ ನೊಬೆಲ್ ಪಾರಿತೋಷಕ ಬಂತು. 1950ರ ದಶಕದಲ್ಲಿ ಲೂಪಸ್ ಎಂದು ತಿಳಿದ ಬಳಿಕ ನಾಲ್ಕು ವರ್ಷ ಬದುಕುತ್ತಿದ್ದವರು ಸುಮಾರು ಅರ್ಧದಷ್ಟು ಮಂದಿ ಮಾತ್ರ. ಇಂದು ಸರಿಯಾದ ಚಿಕಿತ್ಸೆ ಪಡೆದವರಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಂದಿ ಐದು ವರ್ಷಗಳನ್ನು ದಾಟುತ್ತಾರೆ. ಓದು, ಕೆಲಸ, ಸಂಸಾರ ಎಲ್ಲವನ್ನೂ ನಡೆಸಿಕೊಂಡು ಹೋಗುವವರು ಬಹಳ ಮಂದಿ. ರೋಗ ಬೇರುಸಹಿತ ಹೋಗುವುದಿಲ್ಲ, ಆದರೆ ಅಡಗಿ ಕುಳಿತುಕೊಳ್ಳುವಂತೆ ಮಾಡಬಹುದು.

ಹುಡುಗಿಯರಿಗೇ ಏಕೆ?

ಲೂಪಸ್ ಇರುವ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. ಎಲ್ಲ ರೋಗಿಗಳಲ್ಲಿ ನೂರಕ್ಕೆ 15ರಿಂದ 20 ಮಂದಿಗೆ ಇದು 18 ವರ್ಷ ತುಂಬುವ ಮೊದಲೇ ಆರಂಭವಾಗುತ್ತದೆ, ಅದೂ ಹೆಚ್ಚಾಗಿ ಮೈನೆರೆಯುವ ಆಸುಪಾಸಿನ ವರ್ಷಗಳಲ್ಲಿ. ತೀರ ಚಿಕ್ಕ ಮಕ್ಕಳಲ್ಲಿ ಹುಡುಗ ಹುಡುಗಿಯರ ನಡುವಣ ಅಂತರ ಇಷ್ಟಿಲ್ಲ. ಹೆಣ್ಣಿನ ಶರೀರದಲ್ಲಿ ಆ ವಯಸ್ಸಿಗೆ ಹೆಚ್ಚುವ ಈಸ್ಟ್ರೋಜನ್ ಎಂಬ ರಸದೂತಕ್ಕೂ ಈ ರೋಗಕ್ಕೂ ಸಂಬಂಧವಿದೆಯೆಂದು ತಜ್ಞರು ಭಾವಿಸುವುದು ಇದರಿಂದಲೇ. ಹೆಂಗಸರಲ್ಲಿ ಎರಡಿರುವ ಎಕ್ಸ್ ವರ್ಣತಂತುವಿನ ಪಾತ್ರವೂ ಇದೆ. ಬಾಲ್ಯದಲ್ಲೇ ಲೂಪಸ್ ಬಂದ ಸ್ಪೇನಿನ ಒಬ್ಬ ಹುಡುಗಿಯಲ್ಲಿ, ಈ ವರ್ಣತಂತುವಿನ ಮೇಲಿರುವ ಒಂದೇ ಒಂದು ವಂಶವಾಹಿಯ ಬದಲಾವಣೆ ರೋಗಕ್ಕೆ ಕಾರಣವಾದುದನ್ನು ವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದರು. ಎಲ್ಲರಲ್ಲೂ ಕಾರಣ ಇಷ್ಟು ಸರಳವಲ್ಲ. ಹಲವು ವಂಶವಾಹಿಗಳು, ಬಿಸಿಲು, ಕೆಲವು ಸೋಂಕುಗಳು ಇವೆಲ್ಲ ಕೂಡಿ ರೋಗ ಎದ್ದುಬರುತ್ತದೆ.

ಅಂತೂ ಒಂದು ಮಾತು ಸ್ಪಷ್ಟ. ಹುಡುಗಿಯೊಬ್ಬಳು ದೊಡ್ಡವಳಾಗುವ ಕಾಲವೂ ಈ ರೋಗ ತಲೆಯೆತ್ತುವ ಕಾಲವೂ ಒಂದೇ. ಆದುದರಿಂದ ಒಂದರ ಲೆಕ್ಕವನ್ನು ಬಿಟ್ಟು ಇನ್ನೊಂದರ ಲೆಕ್ಕವನ್ನು ನೋಡುವುದು ಸಾಧ್ಯವಿಲ್ಲ.

ಸಹಜ ಕ್ರಮ ಯಾವುದು?

ವ್ಯತ್ಯಾಸವನ್ನು ತಿಳಿಯಬೇಕಾದರೆ ಮೊದಲು ಸಹಜವಾದುದು ತಿಳಿದಿರಬೇಕು. ಹೆಚ್ಚಿನ ಹುಡುಗಿಯರು 11ರಿಂದ 14 ವರ್ಷದೊಳಗೆ ಮೈನೆರೆಯುತ್ತಾರೆ. ಮೊದಲ ಒಂದೆರಡು ವರ್ಷ ಮುಟ್ಟು ಕ್ರಮ ತಪ್ಪುವುದು ಸಾಮಾನ್ಯ. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ 21ರಿಂದ 45 ದಿನಗಳಾದರೆ ಆ ವಯಸ್ಸಿನಲ್ಲಿ ಹೆದರಬೇಕಾಗಿಲ್ಲ. ಸ್ರಾವ ಎರಡರಿಂದ ಏಳು ದಿನಗಳವರೆಗೆ ಇರಬಹುದು.

15 ವರ್ಷ ತುಂಬಿದರೂ ಮೈನೆರೆಯದಿದ್ದರೆ, ಒಮ್ಮೆ ಆರಂಭವಾದ ಮೇಲೆ ಮೂರು ತಿಂಗಳು ಕಳೆದರೂ ಬಾರದಿದ್ದರೆ, ಏಳು ದಿನಕ್ಕಿಂತ ಹೆಚ್ಚು ಹೋದರೆ ಯಾ ಒಂದೆರಡು ಗಂಟೆಗೊಮ್ಮೆ ಬಟ್ಟೆ ಯಾ ಪ್ಯಾಡು ಪೂರ್ತಿ ನೆನೆದು ಬದಲಾಯಿಸಬೇಕಾಗಿ ಬಂದರೆ, ಯಾವ ಹುಡುಗಿಯಾದರೂ ಸರಿ, ವೈದ್ಯರನ್ನು ಕಾಣಬೇಕು. ಲೂಪಸ್ ಇರುವ ಹುಡುಗಿಯಾದರೆ ಕಾಯದೆ ಕಾಣಬೇಕು.

ಲೂಪಸ್ ಇದ್ದಾಗ ಆಗುವ ವ್ಯತ್ಯಾಸಗಳು

ಮೈನೆರೆಯುವ ಮೊದಲೇ ಲೂಪಸ್ ಬಂದ ಹುಡುಗಿಯರಲ್ಲಿ ಆ ದಿನ ಒಂದೆರಡು ವರ್ಷ ಮುಂದೆ ಹೋಗುವುದುಂಟು. ಶರೀರವು ತನ್ನ ಶಕ್ತಿಯನ್ನೆಲ್ಲ ಉರಿಯೂತದೊಡನೆ ಹೋರಾಡಲು ವ್ಯಯಿಸುತ್ತಿರುವಾಗ ಬೆಳವಣಿಗೆಯ ಕೆಲಸ ಹಿಂದೆ ಬೀಳುತ್ತದೆ. ಎತ್ತರ ಹೆಚ್ಚುವುದೂ ಹೀಗೆಯೇ ತಡವಾಗುತ್ತದೆ. ಗೆಳತಿಯರೆಲ್ಲ ದೊಡ್ಡವರಾದರು, ತಾನೊಬ್ಬಳು ಹಾಗೆಯೇ ಉಳಿದೆ ಎಂಬ ಕೊರಗು ಆ ಹುಡುಗಿಗೆ ರೋಗಕ್ಕಿಂತ ದೊಡ್ಡದಾಗಿ ಕಾಣಬಹುದು. ರೋಗ ಹತೋಟಿಗೆ ಬಂದಾಗ ಹೆಚ್ಚಿನವರಲ್ಲಿ ಬೆಳವಣಿಗೆ ಮತ್ತೆ ದಾರಿಗೆ ಬರುತ್ತದೆ ಎಂಬುದನ್ನು ತಾಯಂದಿರು ಅವಳಿಗೆ ಹೇಳಬೇಕು.

ಎರಡನೆಯದು, ಬರುತ್ತಿದ್ದ ಮುಟ್ಟು ನಿಲ್ಲುವುದು ಯಾ ದೂರ ದೂರವಾಗುವುದು. ರೋಗ ಕೆರಳಿರುವಾಗ ಹೀಗಾಗುತ್ತದೆ. ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ಮಾತ್ರೆಗಳಿಂದಲೂ ಆಗುತ್ತದೆ. ಮೂತ್ರಪಿಂಡ ಸೋತಿದ್ದರೂ ಆಗುತ್ತದೆ. ಆದುದರಿಂದ ತಪ್ಪಿದ ಮುಟ್ಟು ಕೆಲವೊಮ್ಮೆ ರೋಗ ಒಳಗೊಳಗೇ ಏಳುತ್ತಿದೆ ಎಂಬುದರ ಸೂಚನೆ. ತಿಂಗಳ ಲೆಕ್ಕವನ್ನು ಬರೆದಿಟ್ಟ ಹುಡುಗಿ ಈ ಸೂಚನೆಯನ್ನು ಬೇಗ ಕಾಣುತ್ತಾಳೆ.

ಮೂರನೆಯದು, ಸ್ರಾವ ಅತಿಯಾಗುವುದು. ರಕ್ತವನ್ನು ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳು ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರಿಗೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತವೆ. ಲೂಪಸ್‌ನ ದಾಳಿಯಿಂದ ಇವುಗಳ ಸಂಖ್ಯೆ ಬಹಳ ತಗ್ಗುವುದುಂಟು. ಆಗ ಮುಟ್ಟಿನ ರಕ್ತ ನಿಲ್ಲುವುದಿಲ್ಲ. ಒಸಡಿನಲ್ಲಿ ರಕ್ತ, ಚರ್ಮದ ಮೇಲೆ ಸಣ್ಣ ಕೆಂಪು ಚುಕ್ಕೆಗಳೂ ಕಾಣಬಹುದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್‌ನಂಥ ಮದ್ದು ತೆಗೆದುಕೊಳ್ಳುವವರಲ್ಲೂ ಸ್ರಾವ ಹೆಚ್ಚುತ್ತದೆ. ಇಂಥ ಸಂದರ್ಭದಲ್ಲಿ ಹೆಂಗಸರಿಗೆ ಇದೆಲ್ಲ ಇದ್ದದ್ದೇ ಎಂದು ಸುಮ್ಮನಿರುವುದು ಅಪಾಯ. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ರಕ್ತಹೀನತೆಯ ಬಗೆಗೂ ಒಂದು ಮಾತು. ಮಗಳು ಬಿಳಿಚಿಕೊಂಡಿದ್ದಾಳೆಂದರೆ ಕಬ್ಬಿಣಾಂಶ ಕಡಮೆಯೆಂದೇ ನಾವು ತಿಳಿಯುತ್ತೇವೆ. ಲೂಪಸ್‌ನಲ್ಲಿ ಮೂರು ಕಾರಣಗಳು ಇರಬಹುದು: ಹೆಚ್ಚು ಸ್ರಾವದಿಂದ ಕಬ್ಬಿಣ ಹೋಗಿರುವುದು, ಉರಿಯೂತದಿಂದ ಹೊಸ ರಕ್ತ ಹುಟ್ಟದಿರುವುದು, ಕೆಂಪು ರಕ್ತಕಣಗಳನ್ನು ಶರೀರವೇ ಒಡೆದುಹಾಕುತ್ತಿರುವುದು. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆ ಒಳ್ಳೆಯದೇ, ಆದರೆ ಅದೊಂದರಿಂದ ಎಲ್ಲವೂ ಸರಿಹೋದೀತೆಂದು ಕುಳಿತುಕೊಳ್ಳಬಾರದು.

ಹೇಳದೆ ಹೋದರೆ ಆಗುವ ಎಡವಟ್ಟು

ಇಲ್ಲಿ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ. ಲೂಪಸ್ ಆರಂಭವಾಗಿ ಒಂದು ವರ್ಷ. ಮೂರು ತಿಂಗಳಿಗೊಮ್ಮೆ ತಂದೆಯೊಡನೆ ಮಂಗಳೂರಿನ ಆಸ್ಪತ್ರೆಗೆ ಹೋಗುತ್ತಾಳೆ. ಆ ದಿನ ಅವಳು ಮುಟ್ಟಾಗಿದ್ದಾಳೆ. ಮೂತ್ರದ ಪರೀಕ್ಷೆಗೆಂದು ಸಣ್ಣ ಕುಪ್ಪಿ ಕೊಡುತ್ತಾರೆ. ತಂದೆ ಪಕ್ಕದಲ್ಲಿದ್ದಾರೆ, ಹುಡುಗಿ ಏನೂ ಹೇಳದೆ ಕುಪ್ಪಿ ತುಂಬಿಸಿ ಕೊಡುತ್ತಾಳೆ. ವರದಿಯಲ್ಲಿ ರಕ್ತಕಣಗಳು, ಪ್ರೋಟೀನ್ ಕಾಣಿಸುತ್ತವೆ. ಲೂಪಸ್ ಮೂತ್ರಪಿಂಡಕ್ಕೆ ತಾಗಿದಾಗ ಕಾಣುವುದೂ ಇವೇ. ವೈದ್ಯರಿಗೆ ಸಂಶಯ ಬಾರದಿರುತ್ತದೆಯೇ? ಮತ್ತಷ್ಟು ಪರೀಕ್ಷೆಗಳು, ಹೆಚ್ಚು ಮದ್ದು, ಮನೆಯವರಿಗೆ ನಿದ್ದೆಯಿಲ್ಲದ ರಾತ್ರಿಗಳು ಇವೆಲ್ಲ ಒಂದು ಮಾತು ಹೇಳದುದರಿಂದ ಬಂದವು.

ಇದರ ವಿರುದ್ಧವಾದುದೂ ನಡೆಯಬಹುದು. ಮುಟ್ಟಿನ ರಕ್ತವಿರಬೇಕೆಂದು ತಾವೇ ಊಹಿಸಿ ವರದಿಯನ್ನು ಬದಿಗಿಟ್ಟರೆ, ನಿಜವಾಗಿಯೂ ಮೂತ್ರಪಿಂಡಕ್ಕೆ ತಾಗಿದ ರೋಗ ಕಣ್ತಪ್ಪಿಸಿಕೊಳ್ಳುತ್ತದೆ. ಮೂತ್ರಪಿಂಡದ ಲೂಪಸ್ ಆರಂಭದಲ್ಲಿ ನೋವು ಕೊಡುವುದಿಲ್ಲ. ಆದುದರಿಂದ “ಈಗ ಮುಟ್ಟಿನ ದಿನ” ಎಂದು ಪ್ರಯೋಗಾಲಯದಲ್ಲಿ ಹೇಳುವುದು, ಸ್ರಾವ ನಿಂತ ಕೆಲವು ದಿನಗಳ ಬಳಿಕ ಪರೀಕ್ಷೆಯನ್ನು ಮತ್ತೆ ಮಾಡಿಸುವುದು, ಇವೆರಡನ್ನೂ ತಪ್ಪಿಸಬಾರದು. ಬಾಯಿಂದ ಹೇಳಲು ಆಗದಿದ್ದರೆ ಚೀಟಿಯಲ್ಲಿ ಬರೆದು ಕೊಡಬಹುದು.

ಮದ್ದುಗಳ ವಿಷಯ

ಲೂಪಸ್ ಇರುವ ಹೆಚ್ಚಿನವರು ತೆಗೆದುಕೊಳ್ಳುವ ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್. ಮೂಲತಃ ಇದು ಮಲೇರಿಯದ ಮದ್ದು. ರೋಗ ಮತ್ತೆ ಮತ್ತೆ ಕೆರಳುವುದನ್ನು ಇದು ತಡೆಯುತ್ತದೆ. ಮುಟ್ಟಿಗೆ ಇದರಿಂದ ಬಾಧೆಯಿಲ್ಲ. ಮುಂದೆ ಗರ್ಭಿಣಿಯಾದಾಗಲೂ ಇದನ್ನು ನಿಲ್ಲಿಸದೆ ಮುಂದುವರಿಸಲು ವೈದ್ಯರು ಹೇಳುತ್ತಾರೆ. ಆಗಾಗ ಕಣ್ಣಿನ ಪರೀಕ್ಷೆ ಮಾಡಿಸುತ್ತಿರಬೇಕು, ಅಷ್ಟೆ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಕ್ಕೆ ಇದೇ ಮದ್ದೆಂಬ ಸುದ್ದಿ ಹಬ್ಬಿ ಅಂಗಡಿಗಳಲ್ಲಿ ಮಾತ್ರೆ ಸಿಗುವುದು ಕಷ್ಟವಾಯಿತು. ಅದೇ ಹೊತ್ತಿಗೆ ತಲಪಾಡಿಯ ಗಡಿಯೂ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಕಡೆಯ ರೋಗಿಗಳು ದಿಕ್ಕುತೋಚದಂತಾದರು. ಒಂದು ತಿಂಗಳ ಮಾತ್ರೆ ಯಾವಾಗಲೂ ಮನೆಯಲ್ಲಿ ಹೆಚ್ಚಿಗೆ ಇರಲಿ ಎಂಬ ಪಾಠವನ್ನು ಆ ದಿನಗಳು ಕಲಿಸಿವೆ.

ಸ್ಟೀರಾಯ್ಡ್ ಮಾತ್ರೆಗಳು ಜೀವ ಉಳಿಸುತ್ತವೆ. ಮುಖವನ್ನು ಊದಿಸುತ್ತವೆ, ಮೊಡವೆ ತರುತ್ತವೆ, ತೂಕ ಹೆಚ್ಚಿಸುತ್ತವೆ, ಎಲುಬನ್ನು ಸವೆಸುತ್ತವೆ. ಹದಿನಾಲ್ಕು ಹದಿನೈದರ ಹುಡುಗಿಗೆ ಕನ್ನಡಿ ನೋಡಿಕೊಳ್ಳುವುದೇ ದುಃಖವಾಗುತ್ತದೆ. ತರಗತಿಯಲ್ಲಿ ಯಾರಾದರೂ ‘ಬಲೂನು’ ಎಂದು ಕರೆದರೆ ಅವಳು ಯಾರಿಗೂ ಹೇಳದೆ ಮಾತ್ರೆ ಬಿಟ್ಟುಬಿಡಬಹುದು. ಸ್ಟೀರಾಯ್ಡನ್ನು ಹಠಾತ್ತಾಗಿ ನಿಲ್ಲಿಸುವುದು ಪ್ರಾಣಾಪಾಯಕ್ಕೆ ದಾರಿ. ವೈದ್ಯರು ಅದನ್ನು ಸ್ವಲ್ಪಸ್ವಲ್ಪವಾಗಿಯೇ ಇಳಿಸುತ್ತಾರೆ. ಪ್ರಮಾಣ ಇಳಿದಂತೆ ಮುಖವೂ ಮೊದಲಿನಂತಾಗುತ್ತದೆ. ವಿದ್ಯಾರ್ಥಿಗಳೇ, ನಿಮ್ಮ ಒಂದು ತಮಾಷೆಯ ಮಾತು ಗೆಳತಿಯೊಬ್ಬಳ ಮದ್ದನ್ನು ನಿಲ್ಲಿಸಬಲ್ಲುದು ಎಂಬುದನ್ನು ನೆನಪಿಡಿರಿ.

ಮೂತ್ರಪಿಂಡ ಯಾ ಮಿದುಳಿಗೆ ತಾಗಿದ ತೀವ್ರ ಲೂಪಸ್‌ಗೆ ಸೈಕ್ಲೋಫಾಸ್ಫಮೈಡ್ ಎಂಬ ಚುಚ್ಚುಮದ್ದನ್ನು ಕೊಡುವುದುಂಟು. ಇದು ಅಂಡಾಶಯಕ್ಕೆ ಹಾನಿ ಮಾಡಬಲ್ಲುದು. ಮುಟ್ಟು ಕೆಲವು ತಿಂಗಳು ನಿಲ್ಲಬಹುದು; ಒಟ್ಟು ಪ್ರಮಾಣ ಬಹಳ ಹೆಚ್ಚಾದರೆ ಮುಂದೆ ಮಕ್ಕಳಾಗುವ ಸಾಧ್ಯತೆಯೂ ಕುಂದಬಹುದು. ವಯಸ್ಸು ಚಿಕ್ಕದಿದ್ದಷ್ಟು ಈ ಅಪಾಯ ಕಡಮೆ. 2002ರಲ್ಲಿ ಯುರೋಪಿನ ವೈದ್ಯರು ಎರಡು ವಾರಕ್ಕೊಮ್ಮೆ 500 ಮಿಲಿಗ್ರಾಂನಂತೆ ಆರು ಬಾರಿ ಮಾತ್ರ ಕೊಡುವ ಕ್ರಮವನ್ನು ಪ್ರಕಟಿಸಿದ ಮೇಲೆ, ಕಡಮೆ ಮದ್ದಿನಿಂದಲೇ ಕೆಲಸ ಸಾಧಿಸುವುದು ಹಲವರಿಗೆ ಸಾಧ್ಯವಾಗಿದೆ. ಅಂಡಾಶಯವನ್ನು ಆ ಕಾಲಕ್ಕೆ ನಿದ್ರಿಸುವಂತೆ ಮಾಡಿ ಕಾಪಾಡುವ ಚುಚ್ಚುಮದ್ದೂ ಇದೆ. ಮೈಕೋಫಿನೋಲೇಟ್‌ನಂಥ ಬದಲಿ ಮದ್ದುಗಳೂ ಇವೆ. ಹೆತ್ತವರು ನಾಚದೆ ಕೇಳಬೇಕಾದ ಪ್ರಶ್ನೆ ಒಂದಿದೆ: “ಈ ಮದ್ದಿನಿಂದ ಮಗಳಿಗೆ ಮುಂದೆ ಮಕ್ಕಳಾಗಲು ತೊಂದರೆಯಿದೆಯೇ? ಅದನ್ನು ತಪ್ಪಿಸುವ ದಾರಿಯಿದೆಯೇ?” ಮದ್ದು ಆರಂಭಿಸುವ ಮೊದಲೇ ಇದನ್ನು ಕೇಳಬೇಕು. ಹಾಗೆಂದು ಹೆದರಿ ಮದ್ದನ್ನೇ ಬೇಡವೆನ್ನುವುದು ತರವಲ್ಲ. ಮೂತ್ರಪಿಂಡ ಉಳಿದರೆ ಅಲ್ಲವೇ ಮುಂದಿನ ಮಾತು?

ಇನ್ನು ವೈದ್ಯರನ್ನು ಕೇಳದೆ ನಾವೇ ತರುವ ಮದ್ದುಗಳು. ಮುಟ್ಟಿನ ಹೊಟ್ಟೆನೋವಿಗೆ ಮೆಫೆನಾಮಿಕ್ ಆಸಿಡ್, ಐಬುಪ್ರೊಫೆನ್ ಮುಂತಾದ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗುವುದು ರೂಢಿಯಾಗಿದೆ. ಮೂತ್ರಪಿಂಡಕ್ಕೆ ಲೂಪಸ್ ತಾಗಿದವರಿಗೆ ಇವು ಹಾನಿಕರ. ಕಿರುಬಿಲ್ಲೆ ಕಡಮೆಯಿರುವವರಲ್ಲಿ ರಕ್ತಸ್ರಾವವನ್ನು ಹೆಚ್ಚಿಸಬಹುದು. ಬಿಸಿನೀರಿನ ಶಾಖ ಕೊಡಬಹುದು. ಯಾವ ಮಾತ್ರೆ ಆದೀತೆಂಬುದನ್ನು ವೈದ್ಯರಿಂದ ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕು.

ಮನೆಯಲ್ಲಿ ಮದುವೆ, ಊರಲ್ಲಿ ಜಾತ್ರೆ, ಕೋಲ, ಬ್ರಹ್ಮಕಲಶ ಎಂದರೆ ಮುಟ್ಟನ್ನು ಮುಂದೆ ಹಾಕುವ ಮಾತ್ರೆ ತರುವುದು ಇನ್ನೊಂದು ರೂಢಿ. ಇದರಲ್ಲಿ ನಾವು ಗಮನಿಸಬೇಕಾದುದು ಬಹಳವಿದೆ. ಲೂಪಸ್ ಇರುವವರಲ್ಲಿ ಸುಮಾರು ಮೂರನೆಯ ಒಂದು ಪಾಲು ಮಂದಿಯ ರಕ್ತದಲ್ಲಿ, ರಕ್ತವನ್ನು ನಾಳದೊಳಗೇ ಹೆಪ್ಪುಗಟ್ಟಿಸುವ ಒಂದು ಬಗೆಯ ಪ್ರತಿಕಾಯಗಳಿರುತ್ತವೆ. ಅಂಥವರಿಗೆ ಈಸ್ಟ್ರೋಜನ್ ಬೆರೆತ ಮಾತ್ರೆ ಕೊಟ್ಟರೆ ಕಾಲಿನಲ್ಲಿ, ಶ್ವಾಸಕೋಶದಲ್ಲಿ, ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಮುಟ್ಟು ಮುಂದೂಡಲು ಸಾಮಾನ್ಯವಾಗಿ ಕೊಡುವ ನೋರೆಥಿಸ್ಟೆರಾನ್‌ನ ಒಂದಂಶವೂ ಶರೀರದೊಳಗೆ ಈಸ್ಟ್ರೋಜನ್ ಬಗೆಯ ವಸ್ತುವಾಗಿ ಮಾರ್ಪಡುತ್ತದೆ. ನೆರೆಮನೆಯ ಹುಡುಗಿಗೆ ಏನೂ ಆಗದ ಮಾತ್ರೆ ಈ ಹುಡುಗಿಗೆ ವಿಷವಾಗಬಹುದು. ಒಂದು ದಿನದ ಸಮಾರಂಭಕ್ಕಾಗಿ ಮಗಳನ್ನು ಇಂಥ ಅಪಾಯಕ್ಕೆ ಒಡ್ಡುವುದು ಬೇಡ. ಆ ದಿನ ಅವಳು ಬದಿಯಲ್ಲಿ ಕುಳಿತು ಊಟ ಮಾಡಿದರೆ ಯಾವ ದೈವವೂ ಮುನಿಯುವುದಿಲ್ಲ ಎಂದೇ ನಮ್ಮ ನಂಬಿಕೆ.

ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆಂದು ಅಮೃತಬಳ್ಳಿಯ ಕಷಾಯ ಮುಂತಾದುವನ್ನು ಕೊಡುವವರಿದ್ದಾರೆ. ಲೂಪಸ್ ಆ ಶಕ್ತಿ ಕಡಮೆಯಾಗಿ ಬಂದ ರೋಗವಲ್ಲ, ದಾರಿ ತಪ್ಪಿ ಬಂದ ರೋಗ. ಆದುದರಿಂದ ಏನು ಕೊಡುವುದಿದ್ದರೂ ವೈದ್ಯರಿಗೆ ತಿಳಿಸಿಯೇ ಕೊಡಬೇಕು.

ಮುಂದಿನ ಬಾಳು

ಲೂಪಸ್ ಬಂದ ಹುಡುಗಿಗೆ ಮದುವೆಯಾಗಬಾರದು, ಮಕ್ಕಳಾಗಬಾರದು ಎಂದು ಹಿಂದೆ ವೈದ್ಯರೇ ಹೇಳುತ್ತಿದ್ದ ಕಾಲವಿತ್ತು. ಆ ಕಾಲ ಹೋಗಿದೆ. ಅಮೆರಿಕ ಮತ್ತು ಕೆನಡಾಗಳಲ್ಲಿ, ರೋಗ ಶಾಂತವಾಗಿದ್ದ ಯಾ ತುಸುವೇ ಇದ್ದ 385 ಗರ್ಭಿಣಿಯರನ್ನು ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 81 ಮಂದಿಗೆ ದೊಡ್ಡ ತೊಡಕಿಲ್ಲದೆ ಹೆರಿಗೆಯಾಗಿತ್ತು. ಆದರೆ ಅದಕ್ಕೆ ನಿಯಮಗಳಿವೆ. ಗರ್ಭ ಧರಿಸುವ ಮೊದಲು ಆರು ತಿಂಗಳಾದರೂ ರೋಗ ಅಡಗಿರಬೇಕು. ಮೈಕೋಫಿನೋಲೇಟ್, ಮೆಥೊಟ್ರೆಕ್ಸೇಟ್, ಸೈಕ್ಲೋಫಾಸ್ಫಮೈಡ್, ವಾರ್ಫರಿನ್ ಇವು ಹೊಟ್ಟೆಯಲ್ಲಿರುವ ಶಿಶುವಿಗೆ ಅಪಾಯಕಾರಿಯಾದುದರಿಂದ ವೈದ್ಯರು ಅವನ್ನು ಮುಂಚಿತವಾಗಿಯೇ ಬದಲಾಯಿಸುತ್ತಾರೆ. ಮೂತ್ರಪಿಂಡ, ಹೃದಯಗಳ ಸ್ಥಿತಿಯನ್ನು ಮೊದಲೇ ಪರೀಕ್ಷಿಸುತ್ತಾರೆ.

ಹೀಗಿರುವಲ್ಲಿ, ರೋಗವನ್ನು ಮುಚ್ಚಿಟ್ಟು ಮದುವೆ ಮಾಡಿದರೆ ಏನಾಗುತ್ತದೆ? ಹುಡುಗಿ ಹೊಸ ಮನೆಯಲ್ಲಿ ಮಾತ್ರೆಗಳನ್ನು ಅಡಗಿಸಬೇಕು, ಅಡಗಿಸಲಾಗದಿದ್ದರೆ ಬಿಡಬೇಕು. ಬಿಟ್ಟ ಕೆಲವೇ ತಿಂಗಳಲ್ಲಿ ರೋಗ ಕೆರಳುತ್ತದೆ, ಅದೂ ಅವಳು ಗರ್ಭಿಣಿಯಾಗಿರುವ ಹೊತ್ತಿಗೆ. ತಾಯಿ ಮಗು ಇಬ್ಬರ ಜೀವಕ್ಕೂ ಆಪತ್ತು. ನಾವು ಹೆತ್ತವರಲ್ಲಿ ಕೈಮುಗಿದು ಕೇಳುವುದಿಷ್ಟೆ: ಮಗಳನ್ನು ಓದಿಸಿ, ತನ್ನ ಕಾಲ ಮೇಲೆ ನಿಲ್ಲುವಂತೆ ಮಾಡಿ. 18 ತುಂಬಿತೆಂದು ಅವಸರ ಮಾಡಬೇಡಿ. ಸಂಬಂಧ ಕೂಡಿಬಂದಾಗ ಇದ್ದುದನ್ನು ಇದ್ದಂತೆ ಹೇಳಿ. ತಿಳಿದು ಒಪ್ಪಿದ ಮನೆಯಲ್ಲಿ ಅವಳು ಉಳಿಯುತ್ತಾಳೆ.

ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳುವುದು ಉಚಿತ. ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಕಾರಣವಾಗುವ ವೈರಸ್ಸು ಲೂಪಸ್ ಇರುವ ಹೆಂಗಸರಲ್ಲಿ ಹೆಚ್ಚು ಕಾಲ ನೆಲೆಯೂರುತ್ತದೆ. ಅದನ್ನು ತಡೆಯುವ ಲಸಿಕೆಯನ್ನು 9ರಿಂದ 14 ವರ್ಷದೊಳಗೆ ಹಾಕಿಸುವುದು ಉತ್ತಮ. ಅದರಲ್ಲಿ ಜೀವಂತ ರೋಗಾಣು ಇಲ್ಲವಾದುದರಿಂದ ಲೂಪಸ್ ಇರುವವರಿಗೂ ಕೊಡಬಹುದು; ಅವರಿಗೆ ಮೂರು ಬಾರಿ ಬೇಕಾಗಬಹುದು. 2022ರಲ್ಲಿ ನಮ್ಮ ದೇಶದಲ್ಲೇ ತಯಾರಾದ ಸರ್ವಾವ್ಯಾಕ್ ಎಂಬ ಲಸಿಕೆಗೆ ಅನುಮತಿ ದೊರೆತಿದೆ. ಇದರ ಕುರಿತು ವೈದ್ಯರೊಡನೆ ಮಾತಾಡಿರಿ.

ಮನೆಯಲ್ಲಿ, ಶಾಲೆಯಲ್ಲಿ

ಮುಟ್ಟಿನ ಮೂರು ದಿನ ಹುಡುಗಿಯರು ಅಡಿಗೆಮನೆಗೆ ಹೋಗದ ಮನೆಗಳು ನಮ್ಮ ಕಡೆ ಇನ್ನೂ ಇವೆ. ಮಾತ್ರೆಯ ಡಬ್ಬ ಅಡಿಗೆಮನೆಯ ಕಪಾಟಿನಲ್ಲಿದ್ದರೆ ಮೂರು ದಿನದ ಮದ್ದು ತಪ್ಪಿತೆಂದೇ ಲೆಕ್ಕ. ವರ್ಷಕ್ಕೆ ಅದು ಮೂವತ್ತಾರು ದಿನ. ಡಬ್ಬ ಅವಳ ಕೈಗೆ ಸಿಗುವಲ್ಲಿಯೇ ಇರಲಿ. ತಣ್ಣನೆಯ ನೆಲದಲ್ಲಿ ಬೇರೆಯಾಗಿ ಮಲಗಿಸುವುದು ಕೀಲುನೋವಿನ ಹುಡುಗಿಗೆ ಶಿಕ್ಷೆಯಾಗುತ್ತದೆ. ವ್ರತ, ಉಪವಾಸಗಳ ದಿನ ಮಾತ್ರೆಯ ಹೊತ್ತನ್ನು ಹೇಗೆ ಹೊಂದಿಸುವುದೆಂದು ವೈದ್ಯರಿಂದ ಮೊದಲೇ ಕೇಳಿಕೊಳ್ಳಬೇಕು.

ಲೂಪಸ್‌ನ ಮದ್ದುಗಳಿಂದ ಸೋಂಕು ಬೇಗ ತಾಗುತ್ತದೆ. ಆದುದರಿಂದ ನಾಲ್ಕರಿಂದ ಆರು ಗಂಟೆಗೊಮ್ಮೆ ಪ್ಯಾಡು ಬದಲಾಯಿಸಬೇಕು. ಬಟ್ಟೆ ಬಳಸುವವರು ಸಾಬೂನಿನಲ್ಲಿ ಒಗೆದು ಬಿಸಿಲಿಗೆ ಒಣಗಿಸಬೇಕು. ಆಟಿಯ ಮಳೆಯಲ್ಲಿ ಮೂಲೆಯ ಕತ್ತಲಲ್ಲಿ ಅಡಗಿಸಿ ಒಣಗಿಸಿದ ಒದ್ದೆ ಬಟ್ಟೆ ಒಳ್ಳೆಯದಲ್ಲ. ಆ ತಿಂಗಳುಗಳಲ್ಲಿ ಪ್ಯಾಡು ಬಳಸುವುದು ಲೇಸು.

ಬಟ್ಟೆಗೆ ಬಿಸಿಲು ಬೇಕು, ಹುಡುಗಿಗೆ ಬೇಡ. ಅಂಗಳದಲ್ಲಿ ಅಡಿಕೆ ಹರವುವುದು, ಮಗುಚುವುದು ಮುಂತಾದ ಕೆಲಸಗಳನ್ನು ಅವಳಿಗೆ ಹತ್ತರಿಂದ ನಾಲ್ಕು ಗಂಟೆಯೊಳಗೆ ಹೇಳಬಾರದು. ಬಸ್ಸಿಗೆ ನಡೆದು ಬರುವಾಗ ಕೊಡೆ, ಉದ್ದ ತೋಳಿನ ಅಂಗಿ ಇರಲಿ. ಶಾಲೆಯಲ್ಲಿ ಅಸೆಂಬ್ಲಿಯ ಹೊತ್ತಿಗೆ, ಆಟದ ಪೀರಿಯಡ್ಡಿನಲ್ಲಿ ಅವಳನ್ನು ನೆರಳಿನಲ್ಲಿ ನಿಲ್ಲಿಸುವುದು ಅಧ್ಯಾಪಕರ ಜವಾಬ್ದಾರಿ. ಶೌಚಾಲಯಕ್ಕೆ ಹೋಗಲು ಕೇಳಿದಾಗ ಏಕೆಂದು ವಿಚಾರಿಸದೆ ಬಿಡುವುದು ಕೂಡ. ಈ ವಿಷಯವನ್ನು ಕ್ಲಾಸು ಟೀಚರಿಗೆ ಗುಟ್ಟಾಗಿ ತಿಳಿಸಿದರೆ ಸಾಕು, ಊರಿಗೆಲ್ಲ ಸಾರಬೇಕಾಗಿಲ್ಲ.

ಹೇಳುವ ಮಾತುಗಳು

ಕೊನೆಯದಾಗಿ ನಮ್ಮ ಕಸುಬಿನ ಮಾತು. ಮುಟ್ಟು, ತಿಂಗಳು, ಹೊರಗಾಗುವುದು, ದೂರ ಎಂದು ಮನೆಯಲ್ಲಿ ಹೇಳುವುದನ್ನೇ ಪಾಠದಲ್ಲಿ ಋತುಸ್ರಾವ ಎನ್ನುತ್ತೇವೆ. ಮಲೆಯಾಳದ ಡಾಕ್ಟರು ‘ಆರ್ತವಂ’ ಎಂದು ಕೇಳಿದರೆ ಅದೂ ಇದೇ. ಋತು ಎಂಬ ಶಬ್ದದಿಂದಲೇ ಹುಟ್ಟಿದ ಸಂಸ್ಕೃತ ಪದ ಅದು. ಇಂಗ್ಲಿಷಿನಲ್ಲಿ ‘ಪೀರಿಯಡ್ಸ್’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಯಾವ ಮಾತಾದರೂ ಸರಿ, ಹೇಳಬೇಕು.

ಒಂದು ಇನ್ನೂರು ಪುಟದ ನೋಟು ಪುಸ್ತಕ ಇಟ್ಟುಕೊಳ್ಳಿರಿ. ಮುಟ್ಟು ಆರಂಭವಾದ ತಾರೀಕು, ನಿಂತ ತಾರೀಕು, ದಿನಕ್ಕೆ ಎಷ್ಟು ಪ್ಯಾಡು, ನೋವು ಎಷ್ಟು, ಆ ದಿನಗಳಲ್ಲಿ ಕೀಲುನೋವು, ಜ್ವರ, ಮುಖದ ಕೆಂಪು ಹೆಚ್ಚಿತೇ, ತಪ್ಪಿದ ಮಾತ್ರೆಗಳೆಷ್ಟು ಇಷ್ಟನ್ನು ಕನ್ನಡದಲ್ಲೇ ಬರೆಯಿರಿ. ಮುಟ್ಟಿಗೆ ಮುಂಚೆ ಒಂದೆರಡು ದಿನ ದಣಿವು, ಕೀಲುನೋವು ಹೆಚ್ಚುತ್ತದೆಂದು ಹೇಳುವವರು ಬಹಳ ಮಂದಿ. ನಿಮ್ಮಲ್ಲೂ ಹಾಗಿದೆಯೇ ಎಂಬುದು ನಾಲ್ಕು ತಿಂಗಳ ಬರಹದಿಂದ ತಿಳಿಯುತ್ತದೆ. ಆಸ್ಪತ್ರೆಗೆ ಹೋಗುವಾಗ ಆ ಪುಸ್ತಕವನ್ನು ಒಯ್ಯಿರಿ. ತಂದೆಯ ಎದುರು ಹೇಳಲು ಸಂಕೋಚವಾದರೆ ನರ್ಸಿನ ಕೈಗೆ ಕೊಡಿರಿ, ಯಾ ಡಾಕ್ಟರರೊಡನೆ ಒಬ್ಬಳೇ ಐದು ನಿಮಿಷ ಮಾತಾಡಬೇಕೆಂದು ಕೇಳಿರಿ. ತಂದೆಯಂದಿರು ಇದನ್ನು ಅವಮಾನವೆಂದು ಎಣಿಸದೆ ಎದ್ದು ಹೊರಗೆ ಕುಳಿತುಕೊಳ್ಳಬೇಕು.

ಹುಡುಗರೂ ಇದನ್ನು ಓದುತ್ತಾರೆಂಬುದು ನಮಗೆ ಗೊತ್ತು, ಓದಬೇಕೆಂದೇ ಬರೆದಿದ್ದೇವೆ. ನಿಮಗೆ ಅಕ್ಕತಂಗಿಯರಿದ್ದಾರೆ. ಮುಂದೆ ಹೆಣ್ಣುಮಕ್ಕಳ ತಂದೆಯರಾಗುವವರೂ ನೀವೇ. ಈ ಸಂಚಿಕೆ ಮನೆಗೆ ಹೋದಾಗ ಈ ಪುಟಗಳನ್ನು ತಾಯಿಗೂ ಅಜ್ಜಿಗೂ ಓದಿ ಹೇಳಿರಿ. ತುಳುವಿನಲ್ಲಿ, ಕೊಂಕಣಿಯಲ್ಲಿ, ನಿಮ್ಮ ಮನೆಯ ಯಾವ ಭಾಷೆಯಲ್ಲಾದರೂ ಹೇಳಿರಿ.